ಸೆವಿಲ್‌ನ ಹೇರಳೆಕಾಯಿ

ಉಪ್ಪಿನಕಾಯಿಯ ಹೋಳು ನಾಲಿಗೆಗೆ ತಗುಲಿದ್ದೇ ತಡ, ಮೊಸರನ್ನದ ಮುಂದಿನ ತುತ್ತು ನನ್ನ ಕೈಯಲ್ಲೇ ನಿಂತಿತು.

ಕಹಿ. ಆದರೆ ಹೇರಳೆಕಾಯಿಯ ಕಹಿಯಲ್ಲ. ಹೇರಳೆಕಾಯಿ ಮೊದಲು ಹುಳಿ ತೋರಿಸಿ ಆಮೇಲೆ ನಿಧಾನವಾಗಿ ಕಹಿಯಾಗುತ್ತದೆ. ಇದು ಕಹಿಯಿಂದಲೇ ಶುರುವಾಗಿ, ಮೂಗಿನವರೆಗೂ ಒಂದು ಹೂವಿನ ಘಮ ಹತ್ತಿಸುತ್ತಿತ್ತು. ಹೋದ ವಾರವಷ್ಟೇ ಸಮುದ್ರದಾಚೆಯ ಸೆವಿಲ್ ನಗರದ ಒಂದು ಓಣಿಯಲ್ಲಿ, ಮರದಡಿ ಬಿದ್ದಿದ್ದ ಚೆಂದದ ಕಿತ್ತಳೆಯನ್ನು ನಾನು ಆಸೆಬುರುಕಿಯ ಹಾಗೆ ಸುಲಿದು ಬಾಯಿಗೆ ಹಾಕಿಕೊಂಡು, ಅಲ್ಲೇ ಉಗಿದಿದ್ದೆ. ಬೆಂಚಿನ ಮೇಲೆ ಕೂತಿದ್ದ ಮುದುಕ ನನ್ನ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅಂಥ ರುಚಿಯನ್ನು ನಾಲಿಗೆ ಮರೆಯುತ್ತದೆಯೇ?

"ಹೇಗಿದೆ ರಾಜಕ್ಕ?" ಮೋಹನರಾಜ ಉತ್ಸಾಹದಿಂದ ಕೇಳಿದರು. "ನಮ್ಮ ಇಂದು ಪ್ಯಾಂಟ್ರಿ ಹಿಂದ್ಗಡೆ ಬಚ್ಚಿಟ್ಟಿದ್ಲು. ನಾನೇ ಹುಡುಕಿ ತೆಗ್ದೆ."

ಹಪ್ಪಳದ ತಟ್ಟೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದ ಇಂದುಮತಿ ಬಾಗಿಲಲ್ಲೇ ನಿಂತರು. "ಅದ್ಯಾಕೆ ತೆಗೆದ್ರಿ? ಅದು ಇನ್ನೂ ಮಾಗಿಲ್ಲ ರೀ."

"ಮಾಗಿದೆ, ಮಾಗಿದೆ. ಮಲ್ಲವ್ವ ಅವ್ರೇ, ನೀವೂ ಒಂಚೂರು ಹಾಕ್ಕೊಳ್ಳಿ."

ಮಲ್ಲವ್ವ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು. "ನನಗ ಬ್ಯಾಡ್ರಿ. ಭಾಳ ಕಹಿ ಇರತೈತ್ರಿ ಅದು."

ಅವರು ಅದರ ರುಚಿ ನೋಡಿರಲಿಲ್ಲ. ಕಹಿ ಎಂದು ಇನ್ನೂ ಯಾರೂ ಹೇಳಿರಲಿಲ್ಲ.

ನಾನು ತಲೆ ತಗ್ಗಿಸಿ ಮೊಸರನ್ನ ಕಲಸಿದೆ. ಟೆಕ್ಸಸ್‌ನ ಯೂಲೆಸ್ ಊರಿನಿಂದ ಬೆಳಿಗ್ಗೆ ಹೊರಟು, ಕೇಟಿ ಊರಿನಲ್ಲಿರುವ ಮೋಹನರಾಜ ದಂಪತಿಯ ಈ ಮನೆಗೆ ಭಾನುವಾರದ ಊಟಕ್ಕೆ ಬಂದವಳು ನಾನು. ಕೆಲಸದಲ್ಲಿದ್ದಷ್ಟು ಕಾಲವೂ ಇನ್ಶೂರೆನ್ಸ್ ಕ್ಲೇಮುಗಳ ಸುಳ್ಳು ನಿಜ ಹುಡುಕಿದೆ. ನಿವೃತ್ತಿಯಾದ ಮೇಲೂ ಪರಿಚಯದವರು ಕರೆದರೆ ಮೂಗು ತೂರಿಸುವ ಚಾಳಿ ಬಿಟ್ಟಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಈ ಎರಡು ಕುಟುಂಬ ಜೊತೆಯಾಗಿ ಸೆವಿಲ್ ನೋಡಲು ಹೋದಾಗ ಮಲ್ಲವ್ವನವರ ಚಿನ್ನದ ಗುಂಡಿನ ಬೋರಮಾಳ ಸರ ಕಾಣೆಯಾಗಿ, ಅವರ ಬ್ಯಾಗು ಹಿಡಿದಿದ್ದ ಗೈಡ್ ಹುಡುಗಿ ರೊಸಿಯೊ ಮೇಲೆ ಪೊಲೀಸರಿಗೆ ದೂರು ಹೋಗಿತ್ತು. ನಾಳೆ ಸೋಮವಾರ ಅವಳ ವಿಚಾರಣೆ.

ನನ್ನನ್ನು ಈ ಕೆಲಸಕ್ಕೆ ಎಳೆದವಳು ಎದುರಿಗೇ ಕೂತಿದ್ದಳು. ಸಾನ್ವಿ, ಮಲ್ಲವ್ವನವರ ಮಗಳು, ಆಸ್ಟಿನ್‌ನಲ್ಲಿ ಓದುವವಳು. 'ಆಂಟಿ, ಶಿ ಡಿಡಂಟ್ ಡೂ ಇಟ್' ಎಂದು ಫೋನಿನಲ್ಲಿ ಅತ್ತಿದ್ದಳು. ಇಲ್ಲಿರುವವರಲ್ಲಿ ರೊಸಿಯೊ ಪರವಾಗಿ ಮರುಗಿದವಳು ಇವಳೊಬ್ಬಳೇ.

ಅವಳ ಅಪ್ಪ ಇರಣ್ಣನವರು ಇಳಕಲ್ಲಿನವರು, ಈಗ ದ ವುಡ್‌ಲ್ಯಾಂಡ್ಸ್ ಎಂಬ ಊರಿನಲ್ಲಿ ಗ್ರಾನೈಟ್ ವ್ಯಾಪಾರ. ಈ ಮನೆಯ ಅಡುಗೆಕಟ್ಟೆಗೆ ಕಲ್ಲು ಕೂರಿಸಿದ್ದೂ ಅವರೇ. ಟಿವಿಯಲ್ಲಿ ಮೋಹನರಾಜ ಪ್ರವಾಸದ ಫೋಟೊಗಳನ್ನು ಒಂದಾದ ಮೇಲೊಂದು ತೋರಿಸುತ್ತಿದ್ದರೆ, ಇರಣ್ಣ ಕಲ್ಲನ್ನು ಬಿಟ್ಟು ಬೇರೇನನ್ನೂ ನೋಡಿದಂತೆ ಕಾಣಲಿಲ್ಲ.

"ಆ ಅರಮನಿ ಗ್ವಾಡಿ ನೋಡ್ರಿ ಅಕ್ಕಾರ. ಸುಣ್ಣದಾಗ ಕಸೂತಿ ಹಾಕ್ಯಾರ. ನಾ ಕೈ ಹಚ್ಚಾಕ ಹ್ವಾದ್ರ ಆ ಕಾವಲುಗಾರ ಬಂದ ನೋಡ್ರಿ!"

"ನೀವ್ ಎಲ್ಲಾ ಕಡೆ ಕೈ ಹಚ್ಚೋದೇ," ಎಂದು ಮೋಹನರಾಜ ನಕ್ಕರು. "ಹಿರಾಲ್ಡಾ ಗೋಪುರ ಹತ್ತಿದ್ದು ನೆನಪಿದ್ಯಾ? ಮೆಟ್ಟಿಲೇ ಇಲ್ಲ ರಾಜಕ್ಕ, ಬರೀ ಇಳಿಜಾರು. ಹಿಂದೆ ಕುದುರೆ ಮೇಲೆ ಕೂತು ಹತ್ತೋರಂತೆ."

"ಎಲ್ಲಾ ಚಲೋ. ಊಟದ್ದ ಫಜೀತಿ. ಕತ್ತಲಾಗಿ ಎಷ್ಟೊತ್ತಾದ್ರೂ ಅಡಗಿಮನಿ ತೆರಿಯಂಗಿಲ್ಲ ಆ ಮಂದಿ. ಪಾಲಕ್‌ಪಲ್ಲೆ ಕಡ್ಲಿಕಾಳ ಹಾಕಿ ಮಾಡ್ತಾರ, ಅದೊಂದ ರುಚಿ ಹತ್ತಿತ್ರಿ," ಎಂದರು ಇರಣ್ಣ.

ಫೋಟೊ ಬದಲಾಯಿತು. ಹಳೆಯ ಗೋಡೆಯ ಮುಂದೆ ಕಿತ್ತಳೆ ಮರ. ಮರದ ಕೆಳಗೆ ಎಲ್ಲರ ನಡುವೆ ಗುಂಗುರು ಕೂದಲಿನ ಹುಡುಗಿಯೊಬ್ಬಳು ಬಾಯ್ತುಂಬ ನಗುತ್ತಿದ್ದಾಳೆ. ಮಂಡಿನೋವಿನ ಮಲ್ಲವ್ವನವರ ಕೈಯನ್ನು ತನ್ನ ತೋಳಿಗೆ ಸಿಕ್ಕಿಸಿಕೊಂಡಿದ್ದಾಳೆ, ಸ್ವಂತ ಮಗಳ ಹಾಗೆ.

ಮೋಹನರಾಜ ತಟ್ಟನೆ ಮುಂದಿನ ಫೋಟೊಗೆ ಹೋದರು.

"ಒಳ್ಳೆ ಹುಡುಗಿ ಅನ್ಕೊಂಡಿದ್ವಿ," ಎಂದರು.

ಆ ಹುಡುಗಿ ರೊಸಿಯೊಳನ್ನು ನಾನು ಹೋದ ವಾರ ಕಂಡಿದ್ದೆ. ಕಂಪನಿ ಅವಳನ್ನು ಕೆಲಸದಿಂದ ತೆಗೆದಿತ್ತು. ನಾಳೆ ವಿಚಾರಣೆಯಲ್ಲಿ ತಪ್ಪಿತಸ್ಥೆ ಎಂದಾದರೆ ಗೈಡ್ ಲೈಸೆನ್ಸೂ ಹೋಗುತ್ತದೆ. ಆದರೂ ಇವರನ್ನೆಲ್ಲ ಕರೆದೊಯ್ದ ದಾರಿಯಲ್ಲೇ ನನ್ನನ್ನೂ ನಡೆಸಿದಳು. ನಾನು ಕೇಳಿದ್ದು ಅಂದಿನ ಮಧ್ಯಾಹ್ನದ ಸುದ್ದಿ ಮಾತ್ರ. ಅವಳು ಮಾತ್ರ ಬಾಯಿ ಮುಚ್ಚಲಾರದೆ ನದಿಯಾಚೆಯ ಬಣ್ಣದ ಹೆಂಚುಗಳನ್ನು ತೋರಿಸಿದಳು, ಮನೆಯೊಳಗಿನ ಅಂಗಳಗಳಲ್ಲಿ ಕಾರಂಜಿ ಯಾಕೆ ಇಡುತ್ತಾರೆಂದು ಹೇಳಿದಳು, ಒಂದು ಸಣ್ಣ ಅಂಗಡಿಯಲ್ಲಿ ನಿಂತುಕೊಂಡೇ ಆ ಪಾಲಕ್ ಕಡಲೆ ತಿನ್ನಿಸಿದಳು. ಊರಿನ ಮೇಲೆ ಅಷ್ಟು ಪ್ರೀತಿ. ಕಳ್ಳಿ ಎಂದು ಕರೆಸಿಕೊಂಡ ಮೇಲೂ ಅದು ಹೋಗಿರಲಿಲ್ಲ.

ಕೊನೆಗೆ ಸನ್ಯಾಸಿನಿಯರ ಒಂದು ಹಳೆಯ ಮಠಕ್ಕೆ ಕರೆದೊಯ್ದಳು. ಅಲ್ಲಿ ಸಿಹಿತಿಂಡಿ ಮಾರುವ ರೀತಿಯೇ ವಿಚಿತ್ರ. ಗೋಡೆಯಲ್ಲಿ ತಿರುಗುವ ಮರದ ಗೂಡು. ನಾವು ದುಡ್ಡಿಟ್ಟು ತಿರುಗಿಸಿದರೆ, ಒಳಗಿನಿಂದ ಡಬ್ಬಿ ಬರುತ್ತದೆ. ಕೊಟ್ಟವರ ಮುಖ ಕಾಣುವುದೇ ಇಲ್ಲ. ಪಕ್ಕದಲ್ಲಿ ಅಂಗಳ, ಕಿತ್ತಳೆ ಮರಗಳು, ಒಂದು ಕಲ್ಲಿನ ಬೆಂಚು.

"ಇಲ್ಲೇ," ಎಂದು ರೊಸಿಯೊ ಬೆಂಚು ತೋರಿಸಿದಳು. "ಗಂಡಸರೂ ಸಾನ್ವಿಯೂ ಹೊರಗೆ ಹೋಗಿದ್ದರು. ಇಲ್ಲಿದ್ದದ್ದು ನಾನು ಮತ್ತು ಇಬ್ಬರು ಅಮ್ಮಂದಿರು. ಅವರು ಮರದಿಂದ ಹಣ್ಣು ಕಿತ್ತರು. ಕಾವಲುಗಾರ ಕೂಗಾಡುತ್ತ ಬಂದ. ನಾನು ಮಲ್ಲವ್ವ ಅವರ ಬ್ಯಾಗನ್ನು ಬೆಂಚಿನ ಮೇಲಿಟ್ಟು ಅವನನ್ನು ಸಮಾಧಾನ ಮಾಡಲು ಹೋದೆ. ಆದರೆ ಪೊಲೀಸರ ಮುಂದೆ ಇಬ್ಬರೂ ಹಣ್ಣು ಕಿತ್ತೇ ಇಲ್ಲ ಎಂದರು. ಒಬ್ಬರು ಆಗ ತಾನು ಹೋಟೆಲಿನಲ್ಲಿದ್ದೆ ಎಂದರು."

ಕಾವಲುಗಾರನನ್ನೂ ಕೇಳಿದೆ. ದಿನಾ ಯಾರಾದರೊಬ್ಬರು ಹಣ್ಣು ಕೀಳುತ್ತಾರೆ, ಯಾರ ಮುಖವೆಂದು ನೆನಪಿಡಲಿ ಎಂದು ಕೈ ಝಾಡಿಸಿದ. ಹಾಗಾಗಿ ಉಳಿದದ್ದು ರೊಸಿಯೊಳ ಮಾತೊಂದೇ. ಅದನ್ನು ನಂಬುವವರಿರಲಿಲ್ಲ.

ಬೀಳ್ಕೊಡುವಾಗ ಅವಳು ಹೇಳಿದ ಒಂದು ಮಾತು ಇನ್ನೂ ನನ್ನನ್ನು ಚುಚ್ಚುತ್ತಿದೆ. "ಇರಣ್ಣ ಸಾಹೇಬರು ಬೈದರು, ಅದನ್ನು ಸಹಿಸಿಕೊಂಡೆ. ಮೋಹನರಾಜ ಸಾಹೇಬರು ಬೈಯಲಿಲ್ಲ. ಮೆಲ್ಲಗೆ ಹತ್ತಿರ ಬಂದು, 'ತೆಗೆದುಕೊಂಡಿದ್ದರೆ ಈಗಲೇ ಹೇಳಿಬಿಡು, ನಾವು ದೊಡ್ಡದು ಮಾಡುವುದಿಲ್ಲ' ಎಂದರು. ಆಗ ನನಗೆ ಅಳು ಬಂತು. ಅಷ್ಟು ಒಳ್ಳೆಯವರೂ ನನ್ನನ್ನು ಕಳ್ಳಿ ಎಂದೇ ತಿಳಿದಿದ್ದರು."

ನಮ್ಮವರ ಪರವಾಗಿ ಅವಳ ಮುಂದೆ ತಲೆ ಎತ್ತಲು ನನಗೆ ಆಗಿರಲಿಲ್ಲ. ಈಗ ಇಲ್ಲಿ ಇನ್ನೊಂದು ನಾಚಿಕೆ. ಅನ್ನ ಬಡಿಸಿದ ಕೈಯ ಮೇಲೇ ಕಣ್ಣಿಡಬೇಕಾಗಿ ಬಂದಿತ್ತು. ಆದರೂ ಎದ್ದೆ. ಕೈ ತೊಳೆಯುವ ನೆಪದಲ್ಲಿ ತಟ್ಟೆ ಹಿಡಿದು ಅಡುಗೆಮನೆಗೆ ಹೋದೆ.

ಇಂದುಮತಿ ಕಟ್ಟೆಯ ಮುಂದೆ ಬೆನ್ನು ಹಾಕಿ ನಿಂತು ಜಾಡಿಯೊಂದರ ಬಾಯಿ ಕಟ್ಟುತ್ತಿದ್ದರು.

"ಇಂದುಮತಿ, ಹೇರಳೆಕಾಯಿ ಎಲ್ಲಿ ಸಿಕ್ತು?"

"ಇಂಡಿಯನ್ ಸ್ಟೋರಲ್ಲಿ ರಾಜಕ್ಕ. ಅಪರೂಪಕ್ಕೆ ಬಂದಿತ್ತು."

"ಇದು ಹೇರಳೆಕಾಯಿ ಅಲ್ಲ."

ಅವರ ಕೈ ನಿಂತಿತು.

"ಸೆವಿಲ್‌ನಲ್ಲಿ ನಾನೂ ಒಂದು ತಿಂದೆ," ಎಂದೆ. "ಉಗಿದೆ ಅನ್ನು. ನೀನು ಹೋಟೆಲಲ್ಲಿ ತಲೆನೋವು ಅಂತ ಮಲಗಿದ್ದೆ ತಾನೆ? ಇದನ್ನ ಯಾರು ತಂದುಕೊಟ್ರು?"

ನಲ್ಲಿಯ ನೀರು ಸುಮ್ಮನೆ ಸುರಿಯುತ್ತಿತ್ತು. ಅದನ್ನು ನಿಲ್ಲಿಸಿ ಅವರು ನನ್ನತ್ತ ತಿರುಗಿದಾಗ ಕಣ್ಣು ತುಂಬಿತ್ತು. ಐವತ್ತು ದಾಟಿದ ಹೆಂಗಸು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗಿಯಂತೆ ನಿಂತಿದ್ದರು.

"ಅಕ್ಕ, ಪ್ಲೀಸ್. ಅವ್ರಿಗೆ ಗೊತ್ತಾಗೋದು ಬೇಡ."

"ಏನು ಗೊತ್ತಾಗೋದು ಬೇಡ?"

"ನೆಲದ ಮೇಲೆಲ್ಲ ಬಿದ್ದು ಕೊಳೀತಿತ್ತು ಅಕ್ಕ. ಊರ ತುಂಬ ಮರ, ಮರದ ತುಂಬ ಹಣ್ಣು. ಯಾರೂ ಮುಟ್ಟಲ್ಲ. ಕಾಲಲ್ಲಿ ಒದ್ಕೊಂಡು ಓಡಾಡ್ತಾರೆ. ನಂಗೆ ನೋಡಿ ನೋಡಿ ಹೊಟ್ಟೆ ಉರೀತು. ಹೇರಳೆಕಾಯಿ ಥರಾನೇ ಇದೆ, ಉಪ್ಪಲ್ಲಿ ಹಾಕಿದ್ರೆ ಎಷ್ಟು ಚೆನ್ನಾಗಿರತ್ತೆ ಅಂತ. ಮಲ್ಲವ್ವ ಅವ್ರೂ 'ಹೌದ್ರಿ, ನಮ್ಮ ಕಂಚಿಕಾಯಿ ಇದ್ದಂಗ ಐತಿ' ಅಂದ್ರು. ಆ ಮಠದಲ್ಲಿ ಕೈಗೆ ಎಟುಕೋ ಹಾಗಿತ್ತು. ರೊಸಿಯೊ ಬೇಡ ಅಂದ್ಳು, ಇದು ಮಠದ ಮರ ಅಂತ. ಅವಳು ಆ ಕಡೆ ತಿರುಗ್ದಾಗ ನಾವಿಬ್ರೂ ಕಿತ್ವಿ."

"ಕಾವಲುಗಾರ ಬಂದ."

"ಕೂಗಾಡ್ತಾ ಬಂದ. ಭಾಷೆ ಬರ್ದಿದ್ರೂ ಕಳ್ಳರು ಅಂತಿದಾನೆ ಅಂತ ಗೊತ್ತಾಯ್ತು. ಆಗ ಆ ಹುಡುಗಿ ಓಡಿ ಬಂದು ನಮ್ಮ ಮುಂದೆ ನಿಂತ್ಲು. ಎದೆ ಮೇಲೆ ಕೈ ಇಟ್ಕೊಂಡು, ನಾನೇ ಕಿತ್ತಿದ್ದು ಅನ್ನೋ ಹಾಗೆ ಹೇಳಿದ್ಲು. ನಮ್ಮ ತಪ್ಪನ್ನ ತನ್ನ ಮೇಲೆ ಹಾಕ್ಕೊಂಡ್ಲು ಅಕ್ಕ."

ಇದನ್ನು ರೊಸಿಯೊ ನನಗೆ ಹೇಳಿರಲಿಲ್ಲ.

"ನಾನು ನಾಚ್ಕೆ ತಡೀಲಾರ್ದೆ ಹಣ್ಣು ಸೆರಗಲ್ಲಿ ಮುಚ್ಕೊಂಡು ಒಬ್ಳೇ ಹೋಟೆಲಿಗೆ ಓಡಿದೆ. ಬಾತ್‌ರೂಮಲ್ಲಿ ಕೂತು ಹೆಚ್ಚಿ, ಆಲಿವ್ ತಿಂದು ಖಾಲಿಯಾಗಿದ್ದ ಜಾಡಿಗೆ ಉಪ್ಪು ಹಾಕಿ ತುಂಬ್ದೆ. ಆಮೇಲೆ ಇವ್ರೆಲ್ಲ ಬಂದು, ಸರ ಹೋಯ್ತು, ಪೊಲೀಸರಿಗೆ ಹೇಳಿ ಬಂದ್ವಿ, ರೊಸಿಯೊ ಏನೇನೋ ಕಥೆ ಕಟ್ತಿದಾಳೆ ಅಂದ್ರು. ಇವರು ಕನ್ನಡ ಸಂಘದ ಅಧ್ಯಕ್ಷರು. ಅಧ್ಯಕ್ಷರ ಹೆಂಡ್ತಿ ಮಠದಲ್ಲಿ ಹಣ್ಣು ಕದ್ಲು ಅಂತ ಟೆಕ್ಸಸ್ ಪೂರ್ತಿ ಆಡ್ಕೊಳ್ಳಲ್ವಾ? ಮಾರನೇ ದಿನ ಪೊಲೀಸ್ ಕೇಳಿದಾಗ ತಲೆನೋವು ಅಂದ್ಬಿಟ್ಟೆ."

"ನಾಲ್ಕು ಹಣ್ಣಿನ ಮಾನ ಉಳಿಸಿಕೊಳ್ಳೋಕೆ ಒಂದು ಹುಡುಗಿಯ ಮಾನ ತೆಗೆದೆಯಲ್ಲೇ," ಎಂದೆ. ಕೋಪದಲ್ಲಿ ಏಕವಚನ ಇನ್ನಷ್ಟು ಇಳಿದಿತ್ತು.

"ಗೊತ್ತು ಅಕ್ಕ. ಅವತ್ತಿಂದ ಒಂದು ಹೋಳು ನಾನು ಬಾಯಿಗೆ ಹಾಕಿಲ್ಲ. ಬಿಸಾಡಕ್ಕೂ ಕೈ ಬರ್ಲಿಲ್ಲ."

ಇಷ್ಟು ಸಾಕಿತ್ತು. ರೊಸಿಯೊ ಹೇಳಿದ್ದು ಕಟ್ಟುಕಥೆಯಲ್ಲ ಎನ್ನುವುದಕ್ಕೆ ಕೊನೆಗೂ ಒಬ್ಬ ಸಾಕ್ಷಿ ಸಿಕ್ಕಿದ್ದರು. ಆಗ ನನ್ನ ಕಣ್ಣು ಜಾಡಿಯ ಬಾಯಿಗೆ ಹೋಯಿತು.

ಜಾಡಿಯ ಬಾಯಿಗೆ ಟೊಪ್ಪಿಗೆ ಹಾಕಿದಂತೆ ಒಂದು ಪುಟ್ಟ ಬಟ್ಟೆಯ ಚೀಲವನ್ನು ತಲೆಕೆಳಗಾಗಿ ತೊಡಿಸಿ, ಅದರದೇ ದಾರದಿಂದ ಬಿಗಿದಿತ್ತು. ಕೆಂಪು ಬಟ್ಟೆ, ಮೈತುಂಬ ನೇಯ್ದ ಸಣ್ಣ ಸಣ್ಣ ಬುಟ್ಟ. ಗುಳೇದಗುಡ್ಡದ ಖಣ. ಉತ್ತರ ಕರ್ನಾಟಕದ ಹೆಂಗಸರು ಕುಬಸಕ್ಕೆ ಹೊಲಿಸುವ ಬಟ್ಟೆ. ಮೈಸೂರಿನ ಇಂದುಮತಿಯ ಮನೆಗೆ ಅದು ಹೇಗೆ ಬಂತು?

ಇರಣ್ಣ ಪೊಲೀಸರಿಗೆ ಕೊಟ್ಟ ದೂರು ನನಗೆ ಬಾಯಿಪಾಠವಾಗಿತ್ತು. ಕೆಂಪು ಖಣದ ಚೀಲ, ಅದರೊಳಗೆ ಬೋರಮಾಳ. ಬ್ಯಾಗಿನಿಂದ ಚೀಲವೇ ಮಾಯ.

"ಈ ಬಟ್ಟೆ ಯಾರದು?" ಎಂದೆ. ನನ್ನ ಧ್ವನಿ ನನಗೇ ಬೇರೆ ಕೇಳಿಸಿತು.

"ಅದಾ? ಮಲ್ಲವ್ವ ಅವ್ರದ್ದು." ಅವರು ಕಣ್ಣೊರೆಸಿಕೊಂಡು ಸಹಜವಾಗಿ ಹೇಳಿದರು. "ಎಲ್ಲಾ ಹಣ್ಣೂ ನನ್ನ ಕೈಲಿ ಹಿಡೀಲಿಲ್ಲ. ಅವ್ರು ಬ್ಯಾಗಿಂದ ತೆಗೆದು, 'ಖಾಲಿ ಐತಿ, ಇದರಾಗ ಹಾಕೋರಿ' ಅಂತ ಕೊಟ್ರು. ವಾಪಸ್ ಕೊಡೋಕೆ ಮರ್ತೇಹೋಯ್ತು. ಯಾಕಕ್ಕ?"

"ಕಾವಲುಗಾರ ಬರೋಕೆ ಮುಂಚೆಯೋ, ಆಮೇಲೋ?"

"ಮುಂಚೆ. ಬ್ಯಾಗ್ ಅವಾಗ್ ಮಲ್ಲವ್ವ ಅವ್ರ ತೊಡೆ ಮೇಲೇ ಇತ್ತು. ಆಮೇಲೆ ರೊಸಿಯೊ ಕೈಗೆ ಕೊಟ್ಟು ಮರದ ಹತ್ರ ಬಂದ್ರು."

ಹಾಗಾದರೆ ಬ್ಯಾಗು ರೊಸಿಯೊ ಕೈಗೆ ಹೋಗುವ ಮೊದಲೇ ಚೀಲ ಬ್ಯಾಗಿನಿಂದ ಹೊರಬಂದಿತ್ತು, ಅದೂ ಖಾಲಿಯಾಗಿ. ಖಾಲಿಯೆಂದು ಕೊಟ್ಟವರು ಸರದ ಒಡತಿಯೇ. ಅಂದರೆ ಆ ಅಂಗಳದಲ್ಲಿ ಕಳ್ಳತನವೇ ನಡೆದಿಲ್ಲ. ಸರವನ್ನು ಮಲ್ಲವ್ವ ಗಂಡನಿಗೆ ತಿಳಿಯದಂತೆ ಮೊದಲೇ ಕಳೆದಿರಬೇಕು, ಇಲ್ಲವೇ ಯಾರಿಗೋ ಕೊಟ್ಟಿರಬೇಕು. ಇಲ್ಲದ ಸರಕ್ಕೆ ಒಂದು ಹುಡುಗಿಯ ಬದುಕನ್ನು ಬಲಿಕೊಟ್ಟಿದ್ದೇವೆ.

ಇಂದುಮತಿಗೆ ಇದಾವುದೂ ಹೊಳೆದಿರಲಿಲ್ಲ. ದೂರು ಕೊಡುವಾಗ ಅವರು ಅಲ್ಲಿರಲಿಲ್ಲ. ಸರ ಹೋಯಿತೆಂದು ಗೊತ್ತಿತ್ತು, ಚೀಲದ ವಿಷಯ ಯಾರೂ ಅವರಿಗೆ ಹೇಳಿರಲಿಲ್ಲ. ಗೊತ್ತಿದ್ದವರು ಯಾರಾದರೂ ಅದನ್ನು ಉಪ್ಪಿನಕಾಯಿ ಜಾಡಿಗೆ ಕಟ್ಟಿಡುತ್ತಾರೆಯೇ?

"ಬಾ," ಎಂದೆ. "ಹಣ್ಣು ಕಿತ್ತದ್ದನ್ನೂ ಚೀಲ ತಗೊಂಡದ್ದನ್ನೂ ಅವರೆದುರು ಹೇಳು. ನಾಳೆ ಬೆಳಗಾಗೋದ್ರೊಳಗೆ ಸೆವಿಲ್‌ಗೆ ಸುದ್ದಿ ಮುಟ್ಟಿಸೋಣ."

"ಇವ್ರು ನನ್ನ ಮುಖ ನೋಡಲ್ಲ ಅಕ್ಕ."

"ನಾನಿದ್ದೀನಿ. ನಿಜ ಹೇಳಿದ್ರೆ ನಿನಗೇನೂ ಆಗಲ್ಲ."

ಇಷ್ಟು ವರ್ಷ ಸುಳ್ಳುಗಾರರ ನಡುವೆ ಕೆಲಸ ಮಾಡಿದವಳು ಎಷ್ಟು ಸಲೀಸಾಗಿ ಆ ಮಾತು ಕೊಟ್ಟೆನೋ! ಅವರು ನಂಬಿದರು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಹಿಂದೆ ಬಂದರು. ಜಾಡಿ ನನ್ನ ಕೈಯಲ್ಲಿತ್ತು.

ಟಿವಿಯಲ್ಲಿ ಯಾವುದೋ ನೃತ್ಯದ ಫೋಟೊ ನಿಂತಿತ್ತು. ಇಂದುಮತಿ ಕುರ್ಚಿಯ ಬೆನ್ನು ಹಿಡಿದು ನಿಂತು, ನೆಲ ನೋಡುತ್ತಲೇ ಹಣ್ಣಿನ ಕಥೆಯನ್ನೆಲ್ಲ ಹೇಳಿದರು. ಮೋಹನರಾಜರ ಕಿವಿ ಕೆಂಪಾಯಿತು. ಅವರು ಇರಣ್ಣನ ಮುಖವನ್ನು ಕದ್ದು ನೋಡಿ ಮತ್ತೆ ತಮ್ಮ ತಟ್ಟೆ ನೋಡಿಕೊಂಡರು.

"ಓ ಮೈ ಗಾಡ್," ಎಂದಳು ಸಾನ್ವಿ. "ಸೋ ಶಿ ವಾಸ್ ಟೆಲಿಂಗ್ ದ ಟ್ರೂತ್. ಅವ್ವಾ? ಯೂ ವರ್ ದೇರ್!"

ಮಲ್ಲವ್ವ ತಟ್ಟೆಯಲ್ಲಿ ಉಳಿದಿದ್ದ ಅನ್ನವನ್ನು ಬೆರಳಿನಿಂದ ಸುಮ್ಮನೆ ಗುಡ್ಡೆ ಮಾಡುತ್ತಿದ್ದರು.

ಆಗ ನಾನು ಜಾಡಿಯನ್ನು ಮೇಜಿನ ನಡುವೆ ಇಟ್ಟೆ. ಮಲ್ಲವ್ವನವರನ್ನು ಒಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಬೇಕಿತ್ತು. ನನಗೆ ಅವಸರ, ಜೊತೆಗೆ ಪತ್ತೆ ಮಾಡಿದೆನೆಂಬ ಜಂಬ.

ಮೊದಲು ಎದ್ದವರು ಇರಣ್ಣ. ಕುರ್ಚಿ ಹಿಂದಕ್ಕೆ ಬಿತ್ತು.

"ಇದು... ಇದ ನಮ್ಮ ಚೀಲ! ನಮ್ಮ ಅವ್ವ ಕೈಲೆ ಹೊಲದಿದ್ದ ಚೀಲ ಐತಿದು!" ಬೆರಳು ನೇರವಾಗಿ ಇಂದುಮತಿಯ ಕಡೆ ಚಾಚಿತು. "ನಿಮ್ಮ ಮನ್ಯಾಗ ಇಟಗೊಂಡ ಆ ಹುಡುಗಿ ಮ್ಯಾಲ ಹಾಕಿದ್ರ್ಯಾ? ಸರ ಎಲ್ಲೈತ್ರಿ?"

"ಸರ? ಅಯ್ಯೋ, ಸರ ಇರ್ಲಿಲ್ಲ! ಖಾಲಿ ಇತ್ತು! ಮಲ್ಲವ್ವ, ನೀವೇ ಕೊಟ್ರಲ್ಲಾ, ಹಣ್ಣು ಹಾಕ್ಕೊಳ್ಳಿ ಅಂತ? ಹೇಳಿ ಇವ್ರಿಗೆ."

ಎಲ್ಲರೂ ಮಲ್ಲವ್ವನವರತ್ತ ತಿರುಗಿದೆವು. ಅವರು ಮೊದಲು ಗಂಡನನ್ನು ನೋಡಿದರು. ಆಮೇಲೆ ಮಗಳನ್ನು ನೋಡಿದರು, ಬಹಳ ಹೊತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ. ಹೇಳುತ್ತಾರೆ, ಈಗ ಹೇಳಿಯೇ ಹೇಳುತ್ತಾರೆ ಎಂದು ನಾನು ಉಸಿರು ಹಿಡಿದೆ.

"ನಾ ಯಾರಿಗೂ ಚೀಲಾ ಕೊಟ್ಟಿಲ್ರಿ," ಎಂದರು ಮಲ್ಲವ್ವ.

"ಮಲ್ಲವ್ವ!"

"ಕೊಟ್ಟಿಲ್ರಿ."

ಇಂದುಮತಿ ನನ್ನತ್ತ ನೋಡಿದರು. ನಾನಿದ್ದೀನಿ ಎಂದವಳು ನಾನು. ಅಂಗಳದಲ್ಲಿ ಇದ್ದವರು ಮೂವರು. ಒಬ್ಬಳ ಮಾತನ್ನು ಯಾರೂ ನಂಬುತ್ತಿರಲಿಲ್ಲ, ಒಬ್ಬರು ಆಗಲೇ ಪೊಲೀಸರಿಗೆ ಸುಳ್ಳು ಹೇಳಿದವರು, ಮೂರನೆಯವರು ಇಗೋ ಕೊಟ್ಟಿಲ್ಲ ಎನ್ನುತ್ತಿದ್ದರು. ಚೀಲ ಇಂದುಮತಿಯ ಮನೆಯಲ್ಲಿ, ಅವರೇ ಹಾಕಿದ ಉಪ್ಪಿನಕಾಯಿಯ ಮೇಲೆ. ಆ ಕ್ಷಣದಲ್ಲಿ ಅವರ ಪರವಾಗಿ ಆಡಲು ನನ್ನ ಬಾಯಲ್ಲಿ ಒಂದು ಮಾತೂ ಹುಟ್ಟಲಿಲ್ಲ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಮೋಹನರಾಜ ನಿಧಾನವಾಗಿ ಎದ್ದರು. ಹೆಂಡತಿಯ ಪಕ್ಕ ಹೋಗಿ ನಿಂತರು. ಸದ್ಯ, ಇವರಾದರೂ ಕೈ ಹಿಡಿಯುತ್ತಾರೆ ಎಂದುಕೊಂಡೆ.

"ಇಂದು," ಎಂದರು ಅವರು, ಬೈಯದೆ, ಬಹಳ ಮೆಲ್ಲಗೆ. "ತೊಗೊಂಡಿದ್ರೆ ಈಗ್ಲೇ ಹೇಳ್ಬಿಡು. ನಾವು ದೊಡ್ಡದು ಮಾಡಲ್ಲ."